ನಿಂಬೆಹಣ್ಣಿನಷ್ಟು ಮುದ್ದೆ

ಕೆ.ಆರ್. ಪೇಟೆ ಕಡೆಯ ನಮ್ಮ ಅಕ್ಕನ ಮನೆಯಲ್ಲಿ ಈಗಲೂ ದಿನಕ್ಕೆ ಎರಡು ಹೊತ್ತು ಹಿಟ್ಟಿಗೆ ಎಸರಿಡುತ್ತಾರೆ. ಎಸರು ಕುದಿ ಬಂದ ಮೇಲೆ ಹಿಟ್ಟು ಸುರಿದು, ಕೋಲು ಹಾಕಿ, ಗಂಟಿಲ್ಲದಂತೆ ತೊಳಸಿ, ಅಂಗೈಗೆ ನೀರು ಮುಟ್ಟಿಸಿಕೊಂಡು ಮಣೆಯ ಮೇಲೆ ಉರುಳಿಸುತ್ತಾಳೆ ಅಕ್ಕ. ಭಾವನಿಗೆ ದೊಡ್ಡದು, ಮಗನಿಗೆ ಅದಕ್ಕಿಂತ ಚೂರು ಚಿಕ್ಕದು, ಅತ್ತೆಗೆ ಇನ್ನೂ ಚಿಕ್ಕದು. ಕೊನೆಗೆ ಪಾತ್ರೆಯ ಅಂಚಿನಲ್ಲಿ ಉಳಿದದ್ದನ್ನು ಬಳಿದು ನಿಂಬೆಹಣ್ಣಿನಷ್ಟು ಉಂಡೆ ಕಟ್ಟಿ ತನ್ನ ಬಟ್ಟಲಿಗೆ ಹಾಕಿಕೊಳ್ಳುತ್ತಾಳೆ. ಆ ಬಟ್ಟಲು ಮಗನ ನಾಮಕರಣಕ್ಕೆ ಯಾರೋ ಕೊಟ್ಟ ಉಡುಗೊರೆ. ಹದಿನೆಂಟು ವರ್ಷ ಅಟ್ಟದ ಮೇಲಿದ್ದದ್ದು ಈಗ ಅವಳ ತಟ್ಟೆಯಾಗಿದೆ.

ನಾಲ್ಕು ವರ್ಷದ ಹಿಂದೆ ಅಕ್ಕ 110 ಕೆಜಿ ಇದ್ದಳು. ಸಕ್ಕರೆ ಕಾಯಿಲೆ ಇನ್ಸುಲಿನ್‌ಗೂ ಜಗ್ಗುತ್ತಿರಲಿಲ್ಲ. ಮಂಡಿ ನೋವಿಗೆ ಹಟ್ಟಿಯ ಎರಡು ಮೆಟ್ಟಿಲು ಹತ್ತುವುದೇ ಕಷ್ಟವಾಗಿತ್ತು. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಅವಳಿಗೆ ತೂಕ ಇಳಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಆಯಿತು. ಮೊದಲ ಕೆಲವು ವಾರ ಬರೀ ದ್ರವ, ಆಮೇಲೆ ಗಂಜಿಯಂಥ ಮೆತ್ತನೆಯ ಆಹಾರ. ಎರಡು ತಿಂಗಳಾಗುತ್ತಿದ್ದಂತೆ ಬಾಯಿ ಚಪಲ ತಡೆಯಲಾರದೆ ಮುದ್ದೆಯ ಒಂದು ತುತ್ತು ಮುರಿದು, ಬಸ್ಸಾರಿನಲ್ಲಿ ಅದ್ದಿ, ನುಂಗಿದಳು. ಅದು ಎದೆಯಲ್ಲೇ ನಿಂತಿತು. ಅರ್ಧ ಗಂಟೆ ಎದೆ ಹಿಡಿದುಕೊಂಡು ಕುಳಿತಿದ್ದು, ಕೊನೆಗೆ ನೊರೆನೊರೆಯಾಗಿ ವಾಂತಿ ಮಾಡಿಕೊಂಡ ಮೇಲೆ ಸಮಾಧಾನವಾಯಿತು. ‘ಮುದ್ದೆ ಅಗಿದು ತಿನ್ನಿ ಅಂತ ಡಾಕ್ಟ್ರು ಹೇಳವ್ರೆ. ಮುದ್ದೆನ ಹೆಂಗಪ್ಪ ಅಗಿಯದು?’ ಎಂದು ನನ್ನನ್ನೇ ಕೇಳಿದ್ದಳು.

ನಮ್ಮ ಮಂಡ್ಯ ಸೀಮೆಯವರಿಗೆ ಈ ಪ್ರಶ್ನೆಯ ತೂಕ ಗೊತ್ತು. ಇಲ್ಲಿ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಹಲ್ಲಿಗೆ ತಾಗಿಸದೆ ನುಂಗುವುದನ್ನು ಮಗುವಿಗೆ ಮೂರನೇ ವರ್ಷಕ್ಕೇ ಕಲಿಸುತ್ತೇವೆ. ಅಗಿದು ತಿಂದವರನ್ನು ಪ್ಯಾಟೆಯವರು ಎನ್ನುತ್ತೇವೆ. ಇಷ್ಟು ಆಳಕ್ಕೆ ಇಳಿದ ಅಭ್ಯಾಸವನ್ನು ನಲವತ್ತೈದರ ವಯಸ್ಸಿನಲ್ಲಿ ಮರೆತು, ಪ್ರತಿ ತುತ್ತನ್ನೂ ಇಪ್ಪತ್ತು ಸಲ ಅಗಿಯಲು ಕಲಿಯಬೇಕು. ಶಸ್ತ್ರಚಿಕಿತ್ಸೆ ಹೊಟ್ಟೆಯನ್ನು ಒಂದೆರಡು ಗಂಟೆಯಲ್ಲಿ ಬದಲಾಯಿಸಿಬಿಡುತ್ತದೆ. ಉಣ್ಣುವ, ಬಡಿಸುವ, ಕರೆದು ಕೂರಿಸುವ ರೀತಿ ಬದಲಾಗಲು ವರ್ಷಗಳು ಬೇಕು. ತೂಕ ಇಳಿಸಿಕೊಂಡವರ ಫೋಟೋಗಳು ಎಲ್ಲೆಲ್ಲೂ ಇವೆ. ಇಳಿದ ತೂಕವನ್ನು ಇಳಿದಲ್ಲೇ ನಿಲ್ಲಿಸಿಕೊಳ್ಳುವ ಕಷ್ಟವನ್ನು ನಾನು ಅಕ್ಕನ ಅಡುಗೆಮನೆಯಲ್ಲಿ ಹತ್ತಿರದಿಂದ ಕಂಡೆ. ಈ ವಾರ ಅದನ್ನೇ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಗೆಹರಿಸಬೇಕು. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಚಿಕಿತ್ಸೆಗೆ ಒಳಗಾದ ಬಳಿಕ ತೀರಿಕೊಂಡರು. ಆಗ ಅವರಿಗೆ ಬರೀ 21 ವರ್ಷ. ಆ ಸುದ್ದಿ ಓದಿದವರು ಇಂದಿಗೂ ಅಕ್ಕನನ್ನು ‘ನೀನೂ ಅದನ್ನೇ ಮಾಡಿಸಿದ್ದಾ?’ ಎಂದು ಕೇಳುತ್ತಾರೆ. ಅದಲ್ಲ. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವುದು ಮೈಯ ಆಕಾರಕ್ಕಾಗಿ ಮಾಡುವ ಚಿಕಿತ್ಸೆ, ಅದರ ಹೆಸರು ಲೈಪೋಸಕ್ಷನ್. ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಚರ್ಮದಡಿಯ ಕೊಬ್ಬನ್ನು ಮುಟ್ಟುವುದೇ ಇಲ್ಲ. ಅದು ಜಠರ ಮತ್ತು ಕರುಳಿನ ಮೇಲೆ ನಡೆಯುತ್ತದೆ. ಹೆಚ್ಚಾಗಿ ಮಾಡುವುದು ಎರಡು ಬಗೆ. ಸ್ಲೀವ್ ಎಂಬುದರಲ್ಲಿ ಜಠರದ ನಾಲ್ಕರಲ್ಲಿ ಮೂರು ಪಾಲನ್ನು, ಕೆಲವೊಮ್ಮೆ ಅದಕ್ಕಿಂತ ತುಸು ಹೆಚ್ಚನ್ನು, ಕತ್ತರಿಸಿ ತೆಗೆದು ಬಾಳೆಕಾಯಿಯಂಥ ಕೊಳವೆ ಮಾತ್ರ ಉಳಿಸುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಸುವ ಪುಟ್ಟ ಚೀಲ ಮಾಡಿ ಅದನ್ನು ನೇರ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ವೈದ್ಯರು 1960ರ ದಶಕದಲ್ಲಿ ಆರಂಭಿಸಿದ ದಾರಿ ಇದು. ಅಕ್ಕನಿಗೆ ಆದದ್ದು ಬೈಪಾಸ್. ನಮ್ಮ ದೇಶದಲ್ಲಿ ನಿತಿನ್ ಗಡ್ಕರಿ 2011ರಲ್ಲೂ ಅರುಣ್ ಜೇಟ್ಲಿ 2014ರಲ್ಲೂ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೆ ಈ ಹೆಸರು ಹಳ್ಳಿಯ ಟೀವಿಗೂ ಬಂತು.

ಏಷ್ಯಾದವರ ಮೈಯಲ್ಲಿ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಬರುವುದರಿಂದ, ದೇಹತೂಕ ಸೂಚ್ಯಂಕ ಅಂದರೆ ಬಿಎಂಐ 27.5 ದಾಟಿದರೆ ನಮ್ಮವರಿಗೆ ಶಸ್ತ್ರಚಿಕಿತ್ಸೆಯ ಆಯ್ಕೆ ಕೊಡಬಹುದು ಎಂದು ಅಂತರರಾಷ್ಟ್ರೀಯ ತಜ್ಞರ ಸಂಘಗಳು 2022ರಲ್ಲಿ ಹೇಳಿವೆ. 160 ಸೆಂಟಿಮೀಟರ್ ಎತ್ತರದವರಿಗೆ ಅದು ಸುಮಾರು 70 ಕೆಜಿ. ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಹೆಂಗಸರಲ್ಲೂ ಗಂಡಸರಲ್ಲೂ ನೂರಕ್ಕೆ ಸುಮಾರು 30 ಮಂದಿ ಅತಿತೂಕದವರು. ಅವರೆಲ್ಲರಿಗೂ ಆಪರೇಷನ್ ಬೇಕಿಲ್ಲ. ಆದರೆ ಮಾಡಿಸಿಕೊಳ್ಳುವವರ ಸಂಖ್ಯೆ ಬೆಳೆಯುತ್ತಿದೆ. ಆಮೇಲೆ ಅವರು ಮರಳಿ ಬರುವುದು ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲದ ಇದೇ ಅಡುಗೆಮನೆಗಳಿಗೆ.

ಮರಳಿ ಬಂದ ಮೊದಲ ವರ್ಷ ಸುಗ್ಗಿಯಂತೆ. ವಾರವಾರಕ್ಕೂ ತೂಕ ಇಳಿಯುತ್ತದೆ. ಅಕ್ಕ ರವಿಕೆಗಳನ್ನು ನಾಲ್ಕು ಸಲ ಬಿಗಿ ಮಾಡಿಸಿದಳು. ಇನ್ಸುಲಿನ್ ನಿಂತಿತು. 74 ಕೆಜಿಗೆ ಬಂದ ದಿನ ಭಾವ ಊರಿಗೆಲ್ಲ ಫೋನ್ ಮಾಡಿ ಹೇಳಿದರು. ಕಥೆ ಅಲ್ಲಿಗೆ ಮುಗಿಯಿತೆಂದು ಎಲ್ಲರೂ ಅಂದುಕೊಂಡೆವು. ಮುಗಿಯುವುದಿಲ್ಲ ಎಂಬುದಕ್ಕೆ ಸ್ವೀಡನ್ನಿನ ಒಂದು ದೊಡ್ಡ ಅಧ್ಯಯನ ಸಾಕ್ಷಿ. 1987ರಲ್ಲಿ ಶುರುವಾದ ಅದರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ದಶಕಗಳ ಕಾಲ ಹಿಂಬಾಲಿಸಿದರು. ಬೈಪಾಸ್ ಆದವರು ಒಂದೆರಡು ವರ್ಷದೊಳಗೆ ಸರಾಸರಿ ನೂರಕ್ಕೆ 32ರಷ್ಟು ತೂಕ ಕಳೆದುಕೊಂಡಿದ್ದರು. ಹತ್ತನೇ ವರ್ಷಕ್ಕೆ ನೋಡಿದರೆ ಆ ಇಳಿಕೆ ನೂರಕ್ಕೆ 25 ಆಗಿತ್ತು. ಅಕ್ಕನ ಲೆಕ್ಕಕ್ಕೆ ತಂದು ಹೇಳುವುದಾದರೆ, 110 ಇದ್ದವರು 75ಕ್ಕೆ ಇಳಿದು, ಹತ್ತು ವರ್ಷದಲ್ಲಿ 82ರ ಆಸುಪಾಸಿಗೆ ಮರಳುತ್ತಾರೆ.

ಈ ಅಂಕಿಯನ್ನು ಎರಡು ಬಗೆಯಲ್ಲಿ ಓದಬಹುದು. ಏಳೆಂಟು ಕೆಜಿ ವಾಪಸ್ ಬಂತಲ್ಲ ಎಂದು ಕೊರಗಬಹುದು. 28 ಕೆಜಿ ಹತ್ತು ವರ್ಷವಾದರೂ ಬರಲಿಲ್ಲವಲ್ಲ ಎಂದೂ ನೋಡಬಹುದು. ಅದೇ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯಾದವರ ಸಾವಿನ ಪ್ರಮಾಣ ಮಾಡಿಸಿಕೊಳ್ಳದವರಿಗಿಂತ ಕಡಿಮೆಯಾಗಿತ್ತು. ನಾನು ಎರಡನೆಯ ಓದಿನ ಕಡೆಯವನು. ಸ್ವಲ್ಪ ತೂಕ ಮರಳುವುದು ಈ ಚಿಕಿತ್ಸೆಯ ದಾರಿಯಲ್ಲೇ ಇದೆ. ಅದನ್ನು ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ ಮನೆಯವರಿಗೆ ಕೂರಿಸಿಕೊಂಡು ಹೇಳಿಬಿಡಬೇಕು. ಹೇಳದಿದ್ದರೆ ಮೂರನೇ ವರ್ಷ ಎರಡು ಕೆಜಿ ಏರಿದಾಗ ಅವರು ರೋಗಿಯನ್ನು ದೂರುತ್ತಾರೆ, ರೋಗಿ ತನ್ನನ್ನೇ ದೂರಿಕೊಳ್ಳುತ್ತಾನೆ.

ಮರಳುವುದು ಯಾಕೆ? ನಾಲಗೆಯ ಮೇಲೆ ಹತೋಟಿ ಇಲ್ಲದ್ದಕ್ಕೆ ಎಂಬುದು ಊರಿನವರ ಉತ್ತರ. ಮೈಯೊಳಗಿನ ಉತ್ತರ ಬೇರೆ. ಜಠರದ ಮೇಲ್ಭಾಗದಲ್ಲಿ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಹುಟ್ಟುತ್ತದೆ. ಜಪಾನಿನ ವಿಜ್ಞಾನಿಗಳು 1999ರಲ್ಲಿ ಅದನ್ನು ಗುರುತಿಸಿದರು. ಸ್ಲೀವ್‌ನಲ್ಲಿ ಆ ಭಾಗವೇ ಹೋಗುವುದರಿಂದ ಗ್ರೆಲಿನ್ ಇಳಿಯುತ್ತದೆ. ಬೈಪಾಸ್‌ನಲ್ಲಿ ಆಹಾರ ಬೇಗ ಕರುಳಿಗೆ ಇಳಿಯುವುದರಿಂದ ಜಿಎಲ್‌ಪಿ-1 ಮೊದಲಾದ, ಹೊಟ್ಟೆ ತುಂಬಿತೆಂದು ಮಿದುಳಿಗೆ ಹೇಳುವ ಹಾರ್ಮೋನುಗಳು ಏರುತ್ತವೆ. ಅದಕ್ಕೇ ಮೊದಲ ತಿಂಗಳುಗಳಲ್ಲಿ ಹಸಿವೇ ಆಗುವುದಿಲ್ಲ. ಅಕ್ಕನಿಗೆ ಊಟದ ಹೊತ್ತನ್ನು ಯಾರಾದರೂ ನೆನಪಿಸಬೇಕಿತ್ತು. ವರ್ಷ ಕಳೆದಂತೆ ಹಸಿವು ಮೆಲ್ಲಗೆ ಹಿಂದಿರುಗುತ್ತದೆ. ಇನ್ನೊಂದು ಕಡೆ, ತೂಕ ಕಳೆದುಕೊಂಡ ಮೈ ಬರಗಾಲ ಬಂದಿದೆ ಎಂದುಕೊಂಡು ಖರ್ಚು ಕಡಿಮೆ ಮಾಡುತ್ತದೆ. ಅಮೆರಿಕದ ಟೀವಿ ಸ್ಪರ್ಧೆಯೊಂದರಲ್ಲಿ ಆಪರೇಷನ್ ಇಲ್ಲದೆ, ಊಟ ವ್ಯಾಯಾಮದಿಂದಲೇ ಭಾರೀ ತೂಕ ಇಳಿಸಿದ 14 ಜನರನ್ನು ಆರು ವರ್ಷದ ಮೇಲೆ ಪರೀಕ್ಷಿಸಿದ ವರದಿ 2016ರಲ್ಲಿ ಪ್ರಕಟವಾಯಿತು. ಸುಮ್ಮನೆ ಕುಳಿತಾಗ ಅವರ ಮೈ ಸುಡುತ್ತಿದ್ದ ಶಕ್ತಿ, ಅವರ ಗಾತ್ರದವರು ಸುಡಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಇತ್ತು. ಶಸ್ತ್ರಚಿಕಿತ್ಸೆ ಈ ಎಳೆತವನ್ನು ಬಹುಪಾಲು ತಗ್ಗಿಸುತ್ತದೆ, ಪೂರ್ತಿ ಅಳಿಸುವುದಿಲ್ಲ.

ವಿ.ಸಿ. ನಾಲೆಯ ಅಚ್ಚುಕಟ್ಟಿನಲ್ಲಿ ಗದ್ದೆ ಮಾಡಿದವರಿಗೆ ಇನ್ನೊಂದು ಸಂಗತಿಯನ್ನು ಹೀಗೆ ಹೇಳುತ್ತೇನೆ. ತೂಬನ್ನು ಕಿರಿದು ಮಾಡಿದರೆ ನೀರು ರಭಸವಾಗಿ ನುಗ್ಗುವುದಿಲ್ಲ. ಆದರೆ ಬೆರಳು ಗಾತ್ರದ ನೀರೇ ರಾತ್ರಿಯಿಡೀ ಹರಿದರೆ ಬೆಳಗಿನ ಹೊತ್ತಿಗೆ ಗದ್ದೆ ತುಂಬಿ ಬದು ಒಡೆದಿರುತ್ತದೆ. ಚಿಕ್ಕ ಹೊಟ್ಟೆಯವರ ತೂಕ ಏರುವುದು ಬಹುಮಟ್ಟಿಗೆ ಹೀಗೇ. ಅವರಿಗೆ ಎರಡು ಮುದ್ದೆ ಉಣ್ಣಲು ಆಗುವುದೇ ಇಲ್ಲ. ಬೆಳಗ್ಗೆ ಏಳಕ್ಕೆ ಟೀ ಜೊತೆ ಬಿಸ್ಕತ್ತು, ಹತ್ತಕ್ಕೆ ಎರಡು ಚಕ್ಕುಲಿ, ಹನ್ನೆರಡಕ್ಕೆ ಹಿಡಿ ಮಿಕ್ಸ್‌ಚರ್, ಮೂರಕ್ಕೆ ಮತ್ತೆ ಟೀ, ಸಂಜೆ ನಂಟರು ತಂದ ಸ್ವೀಟು. ಒಂದೂ ಊಟವಲ್ಲ, ಒಂದೂ ಹೊಟ್ಟೆ ತುಂಬಿಸುವುದಿಲ್ಲ. ಬಾಯಲ್ಲಿ ಕರಗುವ, ಕರಕರ ಪುಡಿಯಾಗುವ ತಿನಿಸು ಚಿಕ್ಕ ಜಠರದಲ್ಲಿ ನಿಲ್ಲದೆ ಜಾರಿ ಇಳಿದುಬಿಡುತ್ತದೆ. ಮಿಕ್ಸ್‌ಚರ್ ನೂರು ಗ್ರಾಮಿಗೆ 500 ಕ್ಯಾಲೊರಿ ದಾಟುತ್ತದೆ. ಎರಡು ಚಮಚ ಸಕ್ಕರೆಯ ಟೀ ಐದು ಲೋಟ ಕುಡಿದರೆ ಸಕ್ಕರೆಯಿಂದಲೇ 200 ಕ್ಯಾಲೊರಿ. ಎದೆಯಲ್ಲಿ ಸಿಕ್ಕಿಕೊಳ್ಳುವ ಮುದ್ದೆಗೆ ಹೆದರಿ, ಸಲೀಸಾಗಿ ಇಳಿಯುವ ಬಿಸ್ಕತ್ತಿನ ಕಡೆ ಕೈ ಹೋಗುವುದು ಸಹಜ. ಮುದ್ದೆ ತೊಂದರೆ ಕೊಟ್ಟು ತನ್ನ ಅಳತೆ ತಾನೇ ಹೇಳುತ್ತದೆ. ಬಿಸ್ಕತ್ತು ಏನನ್ನೂ ಹೇಳುವುದಿಲ್ಲ.

ಇನ್ನು ಬೆಲ್ಲ. ಒಂದು ಜಿಲ್ಲೆ ಒಂದು ಉತ್ಪನ್ನ ಯೋಜನೆಯಲ್ಲಿ ಮಂಡ್ಯಕ್ಕೆ ಆಯ್ಕೆಯಾದದ್ದೇ ಬೆಲ್ಲ. ಆಲೆಮನೆಯವರ ದುಡಿಮೆ ಎಂಥದೆಂದು ಬಲ್ಲವನು ನಾನು, ಅವರ ಅನ್ನಕ್ಕೆ ಕಲ್ಲು ಹಾಕುವ ಮಾತು ನನ್ನದಲ್ಲ. ಆದರೆ ಬೆಲ್ಲ ಸಕ್ಕರೆಯಲ್ಲ, ಆರೋಗ್ಯಕ್ಕೆ ಒಳ್ಳೆಯದು, ಎಷ್ಟು ತಿಂದರೂ ಏನಾಗದು ಎಂಬ ನಂಬಿಕೆ ಇಲ್ಲಿ ಗಟ್ಟಿಯಾಗಿದೆ. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶ ಇದೆ ನಿಜ. ಅದರ ಬಹುಪಾಲು ಸಕ್ಕರೆಯೇ. ಆಪರೇಷನ್ ಆದ ಮೊದಲ ಸಂಕ್ರಾಂತಿಗೆ ಅಕ್ಕ ಪಾಂಡವಪುರ ಕಡೆಯ ನಂಟರ ಮನೆಗೆ ಹೋಗಿದ್ದಳು. ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸುತ್ತಿದ್ದರು. ಕಬ್ಬಿನ ಜಲ್ಲೆಯ ತುದಿಗೆ ಬಿಸಿ ಬೆಲ್ಲ ಮೆತ್ತಿ ಕೊಟ್ಟರು, ಮೇಲೆ ಅರ್ಧ ಲೋಟ ಕಬ್ಬಿನ ಹಾಲು. ಕಾಲು ಗಂಟೆಯೊಳಗೆ ಅವಳ ಎದೆ ಹೊಡೆದುಕೊಳ್ಳತೊಡಗಿತು. ಮೈಯೆಲ್ಲ ಬೆವರು, ತಲೆಸುತ್ತು, ಹೊಟ್ಟೆ ತಿರುಚಿದಂತೆ. ಹಗ್ಗದ ಮಂಚದ ಮೇಲೆ ಮಲಗಿಸಿದರು. ಗಾಳಿ ಸೋಕಿರಬೇಕು ಎಂದರು ಅಲ್ಲಿದ್ದ ಹಿರಿಯರೊಬ್ಬರು. ಅದರ ಹೆಸರು ಡಂಪಿಂಗ್. ಜಠರದಲ್ಲಿ ತಂಗದೆ ಸಿಹಿ ಒಮ್ಮೆಗೇ ಸಣ್ಣ ಕರುಳಿಗೆ ಬಿದ್ದಾಗ, ಅದು ರಕ್ತದಿಂದ ನೀರನ್ನು ಕರುಳಿಗೆ ಎಳೆದುಕೊಳ್ಳುತ್ತದೆ, ಎದೆ ಬಡಿತ ಏರುತ್ತದೆ. ಕೆಲವರಿಗೆ ಒಂದರಿಂದ ಮೂರು ಗಂಟೆ ಕಳೆದ ಮೇಲೆ ಇನ್ಸುಲಿನ್ ಹೆಚ್ಚಾಗಿ ರಕ್ತದ ಸಕ್ಕರೆ ಕುಸಿಯುವುದೂ ಉಂಟು. ಆಗ ಕೈ ನಡುಗುತ್ತದೆ, ಕಣ್ಣು ಮಂಜಾಗುತ್ತದೆ.

ಆ ದಿನದ ಹೆದರಿಕೆ ಅಕ್ಕನನ್ನು ಎರಡು ವರ್ಷ ಕಾಯಿತು. ಸಿಹಿಯ ಹತ್ತಿರ ಸುಳಿಯಲಿಲ್ಲ. ಮೂರನೇ ವರ್ಷ ಮೇಲುಕೋಟೆಯ ವೈರಮುಡಿಗೆ ಹೋದಾಗ ಎರಡು ಚಮಚ ಸಕ್ಕರೆ ಪೊಂಗಲ್ ತಿಂದಳು. ಏನೂ ಆಗಲಿಲ್ಲ. ಮುಂದಿನ ತಿಂಗಳು ಒಬ್ಬಟ್ಟಿನ ಚೂರು, ಆಗಲೂ ಏನಿಲ್ಲ. ಕಾಲ ಹೋದಂತೆ ಹಲವರಲ್ಲಿ ಡಂಪಿಂಗ್ ಸೌಮ್ಯವಾಗುತ್ತದೆ. ಕಾವಲಿದ್ದ ಹೆದರಿಕೆ ಎದ್ದು ಹೋದ ಹೊತ್ತಿಗೆ ಸರಿಯಾಗಿ ಹಸಿವೂ ಮರಳಿರುತ್ತದೆ. ಎರಡನೇ, ಮೂರನೇ ವರ್ಷವನ್ನು ಎಚ್ಚರದಿಂದ ದಾಟಬೇಕು ಎಂದು ವೈದ್ಯರು ಹೇಳುವುದಕ್ಕೆ ಇದೇ ಕಾರಣ.

ತಾನೊಬ್ಬಳೇ ಎಚ್ಚರವಾಗಿದ್ದರೆ ಸಾಲದು ಎಂಬುದನ್ನು ಬೀಗರೂಟದ ಪಂಕ್ತಿ ಕಲಿಸುತ್ತದೆ. ಮಂಡ್ಯ ಸೀಮೆಯಲ್ಲಿ ಪ್ರೀತಿ ಎಂದರೆ ಬಡಿಸುವುದು. ಎಲೆಯಲ್ಲಿ ಜಾಗವಿದ್ದರೆ ಬಡಿಸಿದವರಿಗೆ ಅವಮಾನ, ಸಾಕೆಂದು ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ಸಾರು ಬೀಳುತ್ತದೆ. ಹೊಸತೊಡಕು, ಮಾರಿಹಬ್ಬ, ಪಕ್ಷ, ತಿಥಿ, ಗೃಹಪ್ರವೇಶ, ವರ್ಷಕ್ಕೆ ಎಷ್ಟು ಪಂಕ್ತಿ! ಅಕ್ಕ ಆಪರೇಷನ್ ಆದ ಮೇಲೆ ಮೊದಲ ಸಲ ಕುಳಿತದ್ದು ನಾಗಮಂಗಲದ ಹತ್ತಿರ ಒಂದು ಬೀಗರೂಟಕ್ಕೆ. ‘ಯಾಕವ್ವ, ನಮ್ಮನೆ ಬಾಡು ಚೆನ್ನಾಗಿಲ್ವಾ? ಮೈಲಿ ಹುಷಾರಿಲ್ವಾ? ಎಷ್ಟು ಸೊರಗೋಗಿದೀಯ’ ಎನ್ನುತ್ತ ಬೀಗಿತ್ತಿ ಒಂದು ಸೌಟು ಚಾಪ್ಸು ಸುರಿದರು. ಅಕ್ಕನ ಕಣ್ಣಲ್ಲಿ ನೀರಾಡಿತು. ಆಪರೇಷನ್ ವಿಷಯ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಹೇಳಲು ಅವಳಿಗೆ ಮನಸ್ಸೂ ಇರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಅವಳ ಅತ್ತೆ, ಎಪ್ಪತ್ತು ದಾಟಿದ ಹೆಂಗಸು, ಮಾತಾಡದೆ ಅಕ್ಕನ ಎಲೆಗೆ ಕೈ ಹಾಕಿ ಮೂರು ತುಂಡನ್ನು ಎತ್ತಿ ತನ್ನ ಎಲೆಗೆ ಹಾಕಿಕೊಂಡರು. ಸೊಸೆಯ ಎಂಜಲೆಲೆಗೆ ಅತ್ತೆ ಕೈ ಹಾಕುವುದು ನಮ್ಮ ಕಡೆ ಕಂಡು ಕೇಳದ್ದು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಷ್ಟೇ ದೊಡ್ಡ ಕೆಲಸವನ್ನು ಆ ತಾಯಿ ಅಂದು ಮಾಡಿದರು ಎಂದೇ ನಾನು ತಿಳಿದಿದ್ದೇನೆ.

ಅಂದಿನಿಂದ ಅಕ್ಕನಿಗೆ ಒಂದು ಕ್ರಮ ಕೂಡಿಬಂತು. ಪಂಕ್ತಿಯಲ್ಲಿ ಮೊದಲು ಬಾಡು ಅಥವಾ ಮೊಟ್ಟೆ, ಇಲ್ಲವೆ ಕಾಳು. ಆಮೇಲೆ ಸೊಪ್ಪು, ಜಾಗ ಉಳಿದರೆ ಮುದ್ದೆಯ ಚೂರು. ಅನ್ನದ ಹೊತ್ತಿಗೆ ಎಲೆ ಮಡಿಸಿರುತ್ತಾಳೆ. ಊಟದ ನಡುವೆ ನೀರಿಲ್ಲ. ಎದ್ದು ಅರ್ಧ ಗಂಟೆಯಾದ ಮೇಲೆ ಗುಟುಕು ಗುಟುಕಾಗಿ.

ಮೊದಲ ಸ್ಥಾನ ಕಾಳಿಗೂ ಮೊಟ್ಟೆಗೂ ಯಾಕೆ ಎಂದರೆ ಪ್ರೋಟೀನಿಗಾಗಿ. ಆಪರೇಷನ್ ಆದವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು. ಸಾಕಾಗದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಮಾಂಸಖಂಡ ಕರಗಿದರೆ ಮೈಯ ಶಕ್ತಿ ಖರ್ಚು ಇನ್ನೂ ಇಳಿದು, ಮರಳುವ ತೂಕಕ್ಕೆ ಬಾಗಿಲು ತೆರೆದಂತೆ. ರಾಗಿಯನ್ನು ನಾವು ಎಷ್ಟೇ ಹೊಗಳಿದರೂ ಪ್ರೋಟೀನಿಗೆ ಅದನ್ನು ನಂಬುವಂತಿಲ್ಲ. ನೂರು ಗ್ರಾಂ ರಾಗಿಯಲ್ಲಿ ಇರುವುದು ಸುಮಾರು 7 ಗ್ರಾಂ. ಕ್ಯಾಲ್ಸಿಯಂ ಮಾತ್ರ 360 ಮಿಲಿಗ್ರಾಮಿನಷ್ಟಿದೆ, ಇದರಲ್ಲಿ ಅಕ್ಕಿ ಗೋಧಿ ಅದರ ಸಮಕ್ಕೆ ಬರುವುದಿಲ್ಲ. ಪ್ರೋಟೀನಿನ ದಾರಿ ನಮ್ಮ ಸಾರಿನಲ್ಲಿದೆ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನಿದೆ. ಬಸ್ಸಾರು ಮಾಡುವಾಗ ಕಟ್ಟು ಬಸಿದು ಸಾರಾಗುತ್ತದೆ, ಬಸಿದ ಕಾಳು ಸೊಪ್ಪಿನ ಜೊತೆ ಪಲ್ಯವಾಗುತ್ತದೆ. ಗಂಡಸರು ಸಾರಿನಲ್ಲಿ ಮುದ್ದೆ ಮುಗಿಸಿ ಪಲ್ಯವನ್ನು ನಂಜಿಕೊಳ್ಳಲು ಬಳಸುತ್ತಾರೆ. ಅಕ್ಕ ಈ ಲೆಕ್ಕವನ್ನು ತಿರುಗಿಸಿದ್ದಾಳೆ. ಪಲ್ಯವೇ ಊಟ, ಮುದ್ದೆ ನಂಜಿಕೊಳ್ಳಲು. ಎರಡು ಮೊಟ್ಟೆಗೆ 12 ಗ್ರಾಂ, ದಿನದಲ್ಲಿ ಹಾಲು ಮೊಸರು ಸೇರಿ ಅರ್ಧ ಲೀಟರಿಗೆ 16, ಒಂದು ಹಿಡಿ ಹುರುಳಿ ಇಲ್ಲವೆ ಅವರೆಗೆ 10, ಮಧ್ಯಾಹ್ನ ಮೀನೋ ಕೋಳಿಯೋ ನೂರು ಗ್ರಾಂ ಸಿಕ್ಕರೆ 20. ಐದು ಸಲಕ್ಕೆ ಹಂಚಿ ತಿಂದರೆ 60ರ ಹತ್ತಿರ ಬರುತ್ತದೆ. ಮಾಂಸ ಮೊಟ್ಟೆ ಮುಟ್ಟದ ಮೇಲುಕೋಟೆಯ ಮನೆಗಳವರು ಪನೀರು, ಸೋಯಾ, ಕಡಲೆಯಲ್ಲಿ ಈ ಕೊರತೆ ತುಂಬಿಕೊಳ್ಳಬೇಕು. ಅವರಿಗೆ ಸ್ವಲ್ಪ ಹೆಚ್ಚು ಕಷ್ಟ, ಆಗದ್ದೇನಲ್ಲ.

ಮಾತ್ರೆಗಳ ವಿಷಯ ಚುಟುಕಾಗಿ ಹೇಳುತ್ತೇನೆ, ಆದರೆ ಚುಟುಕಾಗಿ ತಿಳಿಯಬೇಡಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ, ಇವು ಜೀವಮಾನವಿಡೀ. ತೂಕ ಇಳಿಯಿತು, ಸಕ್ಕರೆ ಹೋಯಿತು, ಇನ್ನೇಕೆ ಮಾತ್ರೆ ಎಂದು ನಿಲ್ಲಿಸಿದವರು ಕೆಲವು ವರ್ಷದ ಮೇಲೆ ರಕ್ತಹೀನತೆಯಿಂದ, ಕೈಕಾಲು ಜೋಮಿನಿಂದ ಆಸ್ಪತ್ರೆ ಸೇರುತ್ತಾರೆ. ವಾಂತಿ ದಿನಗಟ್ಟಲೆ ನಿಲ್ಲದಿದ್ದರೆ ಥಯಾಮಿನ್ ಎಂಬ ಬಿ1 ಕುಸಿದು ಮಿದುಳಿಗೇ ಪೆಟ್ಟಾಗಬಹುದು, ಅಂಥ ಹೊತ್ತಿನಲ್ಲಿ ಮನೆಮದ್ದು ಮಾಡುತ್ತ ಕೂರುವಂತಿಲ್ಲ. ಬೈಪಾಸ್ ಆದವರು ಮೈಕೈ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿದ ನೋವಿನ ಮಾತ್ರೆ ನುಂಗಬಾರದು. ಅದರಿಂದಲೂ ಬೀಡಿ ಸಿಗರೇಟಿನಿಂದಲೂ ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ಆಪರೇಷನ್ ಆಗಿ ಒಂದರಿಂದ ಒಂದೂವರೆ ವರ್ಷ ಬಸುರಿಯಾಗುವುದನ್ನು ಮುಂದೂಡಬೇಕು. ತೂಕ ಇಳಿದಂತೆ ನಿಂತಿದ್ದ ಮುಟ್ಟು ಸರಿಹೋಗಿ, ಎಣಿಸದೆಯೇ ಬಸುರಾಗುವುದು ಉಂಟು.

ಮದ್ಯದ ಬಗ್ಗೆ ಗಂಡಸರೊಡನೆ ಬಿಡಿಸಿ ಮಾತಾಡಬೇಕು. ಬೈಪಾಸ್ ಆದ ಮೇಲೆ ಒಂದು ಪೆಗ್ಗು ಮೊದಲಿನ ಎರಡು ಮೂರು ಪೆಗ್ಗಿನಂತೆ, ನಿಮಿಷಗಳಲ್ಲೇ ತಲೆಗೆ ಏರುತ್ತದೆ. ಶಸ್ತ್ರಚಿಕಿತ್ಸೆಯಾದ ಎರಡನೇ ವರ್ಷ ಕುಡಿತದ ಚಟಕ್ಕೆ ಬೀಳುವವರು ಹೆಚ್ಚುತ್ತಾರೆ ಎಂದು 2012ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತು. ಊಟದಲ್ಲಿ ಸಿಗುತ್ತಿದ್ದ ಸಮಾಧಾನ ಕೈತಪ್ಪಿದಾಗ ಮನಸ್ಸು ಬೇರೆ ಕಡೆ ಅದನ್ನು ಹುಡುಕುತ್ತದೆ. ಅದಕ್ಕೇ, ಆಪರೇಷನ್ನಿಗೆ ಮುಂಚೆಯೇ ಮನಸ್ಸಿನ ವೈದ್ಯರ ಬಳಿ ಒಮ್ಮೆ ಕೂರಿಸುವ ಪದ್ಧತಿ ಇದೆ. ‘ನಮಗೇನು ಹುಚ್ಚೇ’ ಎಂದು ಅದನ್ನು ತಪ್ಪಿಸಬಾರದು.

ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎಂಬ ಮಾತು ನಮ್ಮಲ್ಲಿದೆ. ಅಂದು ಹಿಟ್ಟು ತಿಂದವರು ನಿಜಕ್ಕೂ ಬೆಟ್ಟ ಕೀಳುವಷ್ಟು ದುಡಿಯುತ್ತಿದ್ದರು. 1932ರಲ್ಲಿ ಕೃಷ್ಣರಾಜಸಾಗರ ಪೂರ್ಣಗೊಂಡು, ನಾಲೆ ಹರಿದು, ಮರುವರ್ಷ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗಿ, ಒಣಭೂಮಿ ಭತ್ತ ಕಬ್ಬಿನ ಸೀಮೆಯಾದಾಗಲೂ ಉಳುವುದು, ನಾಟಿ, ಕಳೆ, ಕಟಾವು ಎಲ್ಲವೂ ಮೈಮುರಿಯುವ ಕೆಲಸವೇ. ಈಗ ಟ್ರ್ಯಾಕ್ಟರ್ ಉಳುತ್ತದೆ, ಯಂತ್ರ ನಾಟಿ ಹಾಕುತ್ತದೆ, ಹೊಲಕ್ಕೆ ಬೈಕಿನಲ್ಲಿ ಹೋಗುತ್ತೇವೆ. ಮುದ್ದೆಯ ಗಾತ್ರ ಮಾತ್ರ ತಾತನ ಕಾಲದ್ದು. ದುಡಿಮೆ ಹಗುರಾಗಿದ್ದಕ್ಕೆ ನಾನು ಮರುಗುವವನಲ್ಲ, ಬೆನ್ನು ಬಾಗಿದ ಹೆಂಗಸರನ್ನು ಕಂಡವರಾರೂ ಮರುಗಲಾರರು. ಆದರೆ ತೂಕ ನಿಲ್ಲಬೇಕಾದರೆ ಕಳೆದುಹೋದ ನಡಿಗೆಯನ್ನು ಬೇಕೆಂದೇ ಮರಳಿ ತರಬೇಕು. ಶ್ರೀರಂಗಪಟ್ಟಣದವರಿಗೆ ಕೋಟೆಯ ಒಳಗಿನ ಬೀದಿಗಳಿವೆ, ಪಾಂಡವಪುರದವರಿಗೆ ಕುಂತಿಬೆಟ್ಟವಿದೆ. ಅಕ್ಕನಿಗೆ ನಾಲೆ ಏರಿ. ಹೆಂಗಸೊಬ್ಬಳು ಕೆಲಸವಿಲ್ಲದೆ ಸುಮ್ಮನೆ ನಡೆಯುವುದು ಹಳ್ಳಿಯಲ್ಲಿ ಇನ್ನೂ ಪ್ರಶ್ನೆಯೇ. ‘ಎಲ್ಲಿಗವ್ವ ಒಬ್ಬಳೇ?’ ಎಂದು ನಾಲ್ಕು ಕಡೆ ಕೇಳುತ್ತಾರೆ. ಹಾಗಾಗಿ ಅವಳು ಹಾಲಿನ ಕ್ಯಾನು ಹಿಡಿದು ಡೈರಿಗೆ ಸುತ್ತು ದಾರಿಯಲ್ಲಿ ಹೋಗುತ್ತಾಳೆ. ಹೋಗಿ ಬರಲು ಐವತ್ತು ನಿಮಿಷ. ವಾರಕ್ಕೆ ಮೂರು ದಿನ ನೀರು ತುಂಬಿದ ಎರಡು ಬಿಂದಿಗೆ ಎತ್ತಿಳಿಸುತ್ತಾಳೆ, ಅದು ಅವಳ ಜಿಮ್ಮು. ಮಾಂಸಖಂಡ ಉಳಿಯಬೇಕಾದರೆ ನಡಿಗೆಯ ಜೊತೆ ಭಾರ ಎತ್ತುವುದೂ ಬೇಕು.

ಇಷ್ಟೆಲ್ಲ ಮಾಡಿದರೂ ತೂಕ ಏರಿತು. ನಾಲ್ಕನೇ ವರ್ಷದ ಆಷಾಢದ ಹೊತ್ತಿಗೆ 79. ಅಕ್ಕ ಆರು ತಿಂಗಳು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಬಸ್ಸಿಲ್ಲವೆಂದಳು, ನಾಟಿ ಎಂದಳು, ಆಳು ಸಿಗುತ್ತಿಲ್ಲವೆಂದಳು. ಕೊನೆಗೆ ನಿಜ ಹೇಳಿದಳು. ‘ಅಷ್ಟು ದುಡ್ಡು ಸುರಿದು ಮಾಡ್ಸಿದ್ರು ನಿಮ್ಮ ಭಾವ. ಯಾವ ಮೊಕ ಇಟ್ಕೊಂಡು ಹೋಗ್ಲಿ?’ ಈ ಮಾತು ಕೇಳಿದ ಮೇಲೆಯೇ ಈ ಬರಹ ಬರೆಯಲೇಬೇಕು ಅನ್ನಿಸಿದ್ದು. ಬಿಪಿ ಏರಿದರೆ ನಾಚಿಕೊಂಡು ಮನೆಯಲ್ಲಿ ಕೂರುವವರಿಲ್ಲ. ತೂಕ ಏರಿದವರು ಮಾತ್ರ ತಪ್ಪು ಮಾಡಿದ ಮಕ್ಕಳಂತೆ ಅಡಗುತ್ತಾರೆ, ಅದೂ ನೆರವು ಸಿಗಬಹುದಾದ ಹೊತ್ತಿನಲ್ಲಿ. ಬೇಗ ಹೋದರೆ ಮಾಡಬಹುದಾದದ್ದು ಬಹಳ ಇದೆ. ಆಹಾರತಜ್ಞರು ಒಂದು ವಾರದ ಊಟ ಬರೆಸಿ ನೋಡಿ ಸೋರುವ ಜಾಗ ಹಿಡಿಯುತ್ತಾರೆ. ಥೈರಾಯ್ಡ್, ನಿದ್ದೆ, ತೂಕ ಏರಿಸುವ ಬೇರೆ ಔಷಧಿಗಳನ್ನು ವೈದ್ಯರು ಪರಿಶೀಲಿಸುತ್ತಾರೆ. ಜಠರದ ಚೀಲ ಹಿಗ್ಗಿದೆಯೇ ಎಂದು ಎಂಡೋಸ್ಕೋಪಿಯಲ್ಲಿ ನೋಡಬಹುದು. ಹಸಿವು ತಗ್ಗಿಸುವ ವಾರಕ್ಕೊಂದು ಸೂಜಿಯ ಹೊಸ ಔಷಧಿಗಳು 2025ರಿಂದ ನಮ್ಮ ದೇಶದಲ್ಲೂ ತೂಕ ಇಳಿಸಲೆಂದೇ ಸಿಗುತ್ತಿವೆ. ನಿಲ್ಲಿಸಿದರೆ ತೂಕ ಮರಳುತ್ತದೆ, ಆದರೂ ಆಪರೇಷನ್ ಆದ ಕೆಲವರಿಗೆ ವೈದ್ಯರು ಬರೆಯುತ್ತಾರೆ. ಮರು ಶಸ್ತ್ರಚಿಕಿತ್ಸೆ ಕಟ್ಟಕಡೆಯ ಮಾತು.

ದೂರ ಒಂದು ನಿಜವಾದ ತೊಡಕು. ಶಸ್ತ್ರಚಿಕಿತ್ಸೆ ಆಗುವುದು ಮೈಸೂರಿನಲ್ಲೋ ಬೆಂಗಳೂರಿನಲ್ಲೋ. ರಕ್ತ ಪರೀಕ್ಷೆಯನ್ನಾದರೂ ಹತ್ತಿರದಲ್ಲೇ ಮಾಡಿಸಬಹುದು. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿದೆ, ಮಂಡ್ಯದಲ್ಲಿ ಮಿಮ್ಸ್ ಇದೆ. ಫಲಿತಾಂಶವನ್ನು ಫೋನಿನಲ್ಲಿ ಕಳಿಸಿ ಶಸ್ತ್ರಚಿಕಿತ್ಸಕರ ಜೊತೆ ಮಾತಾಡಬಹುದು. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆ ಬಿಡಬಾರದು. ಮನೆಯಲ್ಲಿ ಒಂದು ತೂಕದ ಯಂತ್ರವಿರಲಿ. ಅಮೆರಿಕದಲ್ಲಿ ಇಳಿದ ತೂಕ ಉಳಿಸಿಕೊಂಡ ಸಾವಿರಾರು ಜನರ ದಾಖಲೆಯನ್ನು 1994ರಿಂದ ಇಟ್ಟಿದ್ದಾರೆ. ಅವರಲ್ಲಿ ನಾಲ್ಕರಲ್ಲಿ ಮೂವರು ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುವವರು.

ಅಕ್ಕನ ಮನೆಯ ಗೋಡೆಗೆ ಮೊಳೆ ಹೊಡೆದು ಡೈರಿ ಪುಸ್ತಕ ತೂಗುಹಾಕಿದ್ದಾರೆ. ಎಷ್ಟು ಲೀಟರು, ಫ್ಯಾಟ್ ಎಷ್ಟು, ದುಡ್ಡೆಷ್ಟು ಎಂದು ದಿನವೂ ಅದರಲ್ಲಿ ಬರೆದಿರುತ್ತದೆ. ಕಳೆದ ತಿಂಗಳು ಹೋದಾಗ ಅದನ್ನು ತಿರುವಿ ಹಾಕಿದೆ. ಕೊನೆಯ ಹಾಳೆಯಲ್ಲಿ ಸೋಮವಾರದ ತಾರೀಖುಗಳು, ಎದುರಿಗೆ ಅಕ್ಕನ ತೂಕ. 77, 78, 78, 79. ಆಮೇಲೆ ಆರು ತಿಂಗಳು ಖಾಲಿ. ಖಾಲಿ ಜಾಗದ ಕೆಳಗೆ ಆ ವಾರದ ಸೋಮವಾರದ ತಾರೀಖು ಹಾಕಿ 81 ಎಂದು ಬರೆದಿತ್ತು. ಅಕ್ಷರ ಅಕ್ಕನದಾಗಿರಲಿಲ್ಲ. ‘ನಾನೇ ಬರೆದೆ. ಗುರುವಾರ ಮೈಸೂರಿಗೆ ಕರ್ಕೊಂಡು ಹೋಯ್ತೀನಿ, ಬೆಳಿಗ್ಗೆ ಆರರ ಬಸ್ಸಿಗೆ’ ಎಂದರು ಭಾವ. ಅಕ್ಕ ಒಲೆಯ ಮುಂದೆ ಹುರುಳಿಕಾಳು ಬಸಿಯುತ್ತಿದ್ದಳು. ‘ಹಸುಗಳಿಗೆ ಮೇವು ಯಾರು ಹಾಕೋರು?’ ಎಂದು ತಿರುಗದೆಯೇ ಕೇಳಿದಳು. ‘ನಾನಿಲ್ವಾ’ ಎಂದರು ಅತ್ತೆ, ಹೊಸ್ತಿಲ ಆಚೆಯಿಂದ.